ಬರೆಯ ಕೆಳಗಿನ ಗಂಟು

ಪರದೆಯ ಕೆಳಗೆ ಅವ್ವನ ಕಾಲುಗಳು ಮಾತ್ರ ಕಾಣುತ್ತಿವೆ, ಒಡೆದ ಹಿಮ್ಮಡಿ, ಆಚೆ ಈಚೆ ಸರಿಯುತ್ತಿವೆ — ರವಿಕೆ ಬಿಚ್ಚಲೂ ಇಷ್ಟು ಹೊತ್ತೇ, ಇಲ್ಲ, ನಾಚಿಕೆ, ಅರವತ್ತು ದಾಟಿದರೂ ಜುಂಜಮ್ಮನಿಗೆ ನಾಚಿಕೆ, ಆ ನಾಚಿಕೆಯೇ ತಾನೇ ಚಳ್ಳಕೆರೆಯ ಈ ಸ್ಕ್ಯಾನಿಂಗ್ ಕೋಣೆಗೆ ತಂದು ನಿಲ್ಲಿಸಿದ್ದು, ಎದೆಯಲ್ಲಿ ಗಂಟು ಅಂತ ಹೆತ್ತ ಮಗಳಿಗೂ ಹೇಳದೆ ನನ್ನಿವಾಳದ ತವರಿಗೆ ಹೋಗಿ ಕ್ಯಾತಣ್ಣ ಮಾವನ ಹೆಂಡತಿ ರಂಗಕ್ಕನ ಕೈಲಿ ಬರೆ ಹಾಕಿಸಿಕೊಂಡಳು, ಕುರಿಗೆ ಗಂಟಾದರೆ ಹಾಕುವ ಅದೇ ಕಬ್ಬಿಣ ಕಾಸಿ, ಆಮೇಲೆ ಗೊತ್ತಾಗಿ ಬೈದರೆ, ಕುರಿಗೆ ವಾಸಿ ಆಗ್ತೈತೆ ನನಗ್ಯಾಕೆ ಆಗಲ್ಲ ರೂಪಾ, ಅಯ್ಯೋ ಅವ್ವ, ನೀನೇನು ಕುರಿಯಾ — ಬರೆ ಮಾಯಿತು, ಎಲ್ಲರೂ ಬರೆಯನ್ನೇ ನೋಡಿದೆವು, ಅದರಡಿ ಗಂಟು ಬೆಳೆಯಿತು. ಬರೆಯಿಂದ ಕ್ಯಾನ್ಸರ್ ಬಂದಿಲ್ಲ, ಬರೆ ಅದನ್ನ ಮುಚ್ಚಿಟ್ಟಿತು ಅಷ್ಟೇ ಅಂದರು ಡಾಕ್ಟರು, ಕಾಗದದ ಮೇಲೆ ಗುಂಡಗೆ ಒಂದು ಗೆರೆ ಎಳೆದು, ನೋಡಮ್ಮ ಇದು ಪೊರೆ, ಕೆಟ್ಟ ಕಣ ಇದರೊಳಗೇ ಇದ್ದರೆ ಕೊಯ್ದು ತೆಗೀಬಹುದು, ಆದರೆ ಅದು ಕಿಣ್ವ ಬಿಡುತ್ತೆ, ಪೊರೆಯನ್ನೇ ಕರಗಿಸಿ ದಾರಿ ಮಾಡಿಕೊಳ್ಳುತ್ತೆ, ಸಾಮಾನ್ಯವಾಗಿ ಮೊದಲು ಹೋಗೋದು ಕಂಕುಳಿಗೆ, ಸ್ಕ್ಯಾನ್ ಮಾಡಿಸಿ ನೋಡೋಣ, ಕಿಣ್ವ ಅಂದರೆ ವಿಷವಾ ಸಾರ್, ವಿಷ ಅಲ್ಲಮ್ಮ, ಮೈಯಲ್ಲೇ ಇರೋದು, ಮಗು ಹಾಲು ಬಿಟ್ಟ ಮೇಲೆ ಎದೆ ಮೊದಲಿನಂತಾಗೋಕೆ, ಗಾಯ ಮಾಯೋಕೆ ಇಂಥದ್ದೇ ಬೇಕು — ಹಾಗಾದರೆ ನಾನು ಹಾಲು ಬಿಟ್ಟಾಗಲೂ ಈ ಕಿಣ್ವ ಬಂದಿತ್ತು, ಬೇವು ಹಚ್ಚಿ ಬಿಡಿಸಿದಳಂತೆ, ಹಟ್ಟಿಗೆಲ್ಲ ಕೇಳುವಂತೆ ಅತ್ತೆನಂತೆ, ಆಗ ಕೆಲಸ ಮುಗಿಸಿ ಸುಮ್ಮನಾದದ್ದು ಈಗ ಯಾಕೆ ಸುಮ್ಮನಾಗುತ್ತಿಲ್ಲ, ಯಾರು ಕರೆದರು ಇದನ್ನ, ಕರಗಿಸುತ್ತಿದೆ, ಮೊಳಕಾಲ್ಮೂರಿನಿಂದ ಬಸ್ಸಲ್ಲಿ ಬರುವಾಗಲೂ ಕರಗಿಸುತ್ತಿತ್ತು, ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡುವಾಗಲೂ, ಎದೆ ಹೋದರೆ ಹೋಗಲಿ, ಕಂಕುಳೊಂದು ಬಿಡು ದೇವರೇ, ನನಗೆ ಅವ್ವ ಬೇಕು, ಇನ್ನೇನೂ ಕೇಳಲ್ಲ, ಕಂಕುಳೊಂದು —

ಕೈ ಮೇಲೆತ್ತಜ್ಜಿ, ಒಳಗಿಂದ ನರ್ಸ್ ಗಂಗಲಕ್ಷ್ಮಿಯ ದನಿ, ಆಗಲ್ಲ ಕಣವ್ವ ನೋಯ್ತೈತೆ, ಮಗಳು ಬರ್ರಿ, ಸ್ವಲ್ಪ ಹಿಡ್ಕಳ್ರಿ, ಹೋದೆ, ಮಣಿಕಟ್ಟು ಹಿಡಿದೆ, ಮೆಲ್ಲಗೆ ಎತ್ತಿದೆ — ಕಂಕುಳಲ್ಲಿ ಬರೆ. ಹೊಸದು, ಇನ್ನೂ ಕೆಂಪಗಿದೆ. ಅಲ್ಲೂ ಒಂದು ಎದ್ದಿತ್ತು ಮಗಾ, ರಂಗಕ್ಕನೇ ಹಾಕಿದ್ಳು, ನೀನು ಬೈತೀಯ ಅಂತ ಹೇಳ್ಲಿಲ್ಲ — ಅವಳು ನನ್ನ ಮುಖ ನೋಡುತ್ತಿದ್ದಾಳೆ, ನಾನು ನೋಡಲಾರೆ, ಬರೆ, ಕಂಕುಳಲ್ಲಿ, ಅವಳ ಕೈ ನನ್ನ ಕೈಲಿದೆ, ಇಳಿಸಲಾರೆ, ಕಂಕುಳಲ್ಲಿ ಬರೆ, ಕೆಂಪು ಬರೆ