ಹಗ್ಗ ಮುಟ್ಟಿದವರ ಪಾಲು

ಹಡಗು ಬರುವ ದಿನ ನಮ್ಮ ಕೊಲ್ಲಿಯಲ್ಲಿ ಶಂಖ ಊದಬಾರದಂತೆ! ಹೀಗೆಂದು ಅಪ್ಪಣೆ ಮಾಡಿದವನು ಕೆಲ್ವನ್, ಪಕ್ಕದ ಮನೆ ಯೂಡೋರಾಳ ಮಗ. ನಮ್ಮ ಬಲೆಯ ಮೀನು ತಿಂದೇ ಬೆಳೆದವನು, ಈಗ ಕಡಲತೀರದ ಮ್ಯಾನೇಜರ್. ಪ್ರವಾಸಿ ಹಡಗಿನಿಂದ ಇಳಿದ ಅತಿಥಿಗಳು ಒಂದು ದಿನ ಮರಳ ಮೇಲೆ ಮಲಗಿ ಹೋಗುತ್ತಾರೆ, ಅವರ ನಿದ್ದೆ ಕೆಡಬಾರದಂತೆ. ನಮ್ಮ ಗ್ರೆನಡಾ ದ್ವೀಪದಲ್ಲಿ ನನ್ನ ಅಜ್ಜಿಯ ಕಾಲದಿಂದಲೂ ಮೀನಿನ ಹಿಂಡು ಕಂಡರೆ ಶಂಖ ಊದುತ್ತೇವೆ. ಕೇಳಿದವರು ಓಡಿ ಬಂದು ಬಲೆಯ ಹಗ್ಗ ಎಳೆಯುತ್ತಾರೆ. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಹಡಗು ಬರುವ ದಿನ ಯಾವುದೆಂದು ಮೀನಿಗೇನು ಗೊತ್ತು?

ಹಡಗು ಬಂದಿದ್ದ ಒಂದು ಬುಧವಾರವೇ ಹಿಂಡು ಬಂತು. ಒಂದು ತಿಂಗಳಿಂದ ಬಲೆ ಖಾಲಿ, ಊರಿಗೆಲ್ಲ ಡಬ್ಬಿ ಮೀನೇ ಗತಿಯಾಗಿತ್ತು. ನೀರು ಕಪ್ಪಾಗಿ ಕುದಿಯುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. ದೋಣಿಯವರು ಬಲೆ ಸುತ್ತಿದರು, ನಾನು ಶಂಖ ಊದಿದೆ.

ಬಂದವರು ಏಳೆಂಟು ಮುದುಕರು. ಗಟ್ಟಿ ತೋಳಿನ ಊರ ಹುಡುಗರೆಲ್ಲ ಅಲ್ಲೇ ಕೆಲಸಕ್ಕಿದ್ದರು, ಹೂವಿನ ಅಂಗಿ ತೊಟ್ಟು, ಅತಿಥಿಗಳಿಗೆ ರಮ್ ಹಂಚುತ್ತಾ. ಕೆಲ್ವನ್‌ನ ಮುಖ ನೋಡಿ ಒಬ್ಬನೂ ಅಲುಗಲಿಲ್ಲ.

"ಇಸ್ಮೇ ಆಂಟಿ, ಎಷ್ಟು ಸಲ ಹೇಳ್ಬೇಕು ನಿಮ್ಗೆ? ಹಗ್ಗ ಕುರ್ಚಿಗಳ ಮಧ್ಯೆ ಬರ್ತಿದೆ. ಬಲೆ ಬಿಟ್ಬಿಡಿ," ಎಂದು ಕೆಲ್ವನ್ ನನ್ನ ಮೇಲೆ ಹರಿಹಾಯ್ದ.

"ಕುರ್ಚಿ ಎತ್ತೋ! ನಿನ್ ಕುರ್ಚಿಗಿಂತ ಮುಂಚೆ ಹಗ್ಗ ಇತ್ತು ಇಲ್ಲಿ."

"ದುಡ್ಡು ಕೊಟ್ಟು ಬಂದಿದಾರೆ ಅವ್ರು!"

"ನಾವೇನು ಕದ್ದು ಬಂದಿದೀವೇನೋ?"

ಮೈಯೆಲ್ಲ ಉರಿದುಹೋಯಿತು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಹಗ್ಗ ಅಂಗೈ ಸುಡುತ್ತಾ ಕಡಲಿನ ಕಡೆಗೆ ಜಾರುತ್ತಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ಬಲೆಯೂ ಇಲ್ಲ, ಮೀನೂ ಇಲ್ಲ.

ಅಷ್ಟರಲ್ಲಿ ಯೂಡೋರಾ ಬಂದಳು. ಎಪ್ಪತ್ತು ದಾಟಿದವಳು, ಸೊಂಟ ನೋವಿನವಳು. ಮಗನತ್ತ ತಿರುಗಿಯೂ ನೋಡದೆ ಹಗ್ಗ ಹಿಡಿದು, "ಎಳಿಯೇ ಇಸ್ಮೇ!" ಎಂದಳು. ಅವಳನ್ನು ಕಂಡು, ಬಿಸಿಲಿಗೆ ಸುಟ್ಟ ಸಿಗಡಿಯಂತಾಗಿದ್ದ ಅತಿಥಿಯೊಬ್ಬ ಕುರ್ಚಿಯಿಂದ ಎದ್ದು ಬಂದ. ಅವನ ಹಿಂದೆ ಅವನ ಹೆಂಡತಿ, ಆಮೇಲೆ ಸಾಲುಸಾಲಾಗಿ ಜನ. ಹಗ್ಗ ಹಿಡಿಯಲು ಬಾರದಿದ್ದರೂ ಎಳೆದರು. ಮೀನು ದಡಕ್ಕೆ ಬಂತು.

ಕೆಲ್ವನ್‌ಗೆ ತಕ್ಷಣ ಬುದ್ಧಿ ಓಡಿತು. ಹುಲ್ಲಿನ ಟೋಪಿ ಹಿಡಿದು, "ನಮ್ಮ ದ್ವೀಪದ ಪ್ರದರ್ಶನ! ಖುಷಿಯಾದ್ರೆ ಏನಾದ್ರೂ ಹಾಕಿ!" ಎಂದು ಸುತ್ತತೊಡಗಿದ. ಡಾಲರುಗಳು ಬಿದ್ದವು. ಪ್ರದರ್ಶನವಂತೆ! ನಮ್ಮ ಅಂಗೈ ಚರ್ಮ ಕಿತ್ತುಬಂದದ್ದು ಪ್ರದರ್ಶನ! ಅತಿಥಿಗಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಎಳೆದವರು. ಅವರಿಗೂ ಪಾಲು ಹಾಕಿದೆ. ಹಡಗಿಗೆ ಹಸಿ ಮೀನು ಒಯ್ಯುವಂತಿಲ್ಲವಂತೆ. ಪೆಚ್ಚಾಗಿ ಎಲ್ಲವನ್ನೂ ಯೂಡೋರಾಳ ಬುಟ್ಟಿಗೆ ಸುರಿದು ಹೋದರು.

ಸಂಜೆ ಹಡಗು ಹೊರಟ ಮೇಲೆ, ನಾನೂ ಯೂಡೋರಾಳೂ ಬುಟ್ಟಿಯ ಮುಂದೆ ಕೂತಿದ್ದಾಗ, ಕೆಲ್ವನ್ ಬಂದ. ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಖಾಲಿ ಚೀಲ.

"ಆಂಟಿ, ಸಿಟ್ಟು ಬಿಡಿ. ಹಡಗು ಬಂದಾಗೆಲ್ಲ ಹನ್ನೊಂದು ಗಂಟೆಗೆ ಹಿಂಗೇ ಎಳೀರಿ. ಮೀನು ಇಲ್ದಿದ್ರೂ ನಡಿಯುತ್ತೆ."

ಮೀನು ಇಲ್ಲದಿದ್ದರೂ! ಅವನು ಚೀಲದ ಬಾಯಿ ಬಿಡಿಸಿ ತಾಯಿಯ ಮುಂದೆ ಹಿಡಿದ.

"ಅಮ್ಮಾ, ನಂಗೊಂದು ನಾಲ್ಕು ಹಾಕು."

"ಹಗ್ಗ ಮುಟ್ಟಿದ್ಯೇನೋ?"

ಯೂಡೋರಾ ಅವನ ಕೈಯಿಂದ ಟೋಪಿ ಕಿತ್ತುಕೊಂಡು, ಡಾಲರು ಸಮೇತ ಚೀಲಕ್ಕೆ ತುರುಕಿ, ಬಾಯಿ ಬಿಗಿದು ಕಟ್ಟಿ ಕೊಟ್ಟಳು.

"ತಗೋ. ರಾತ್ರಿ ಇದನ್ನೇ ಹುರ್ಕೊಂಡು ತಿನ್ನು."