ಆರು ಘನ ಮೀಟರಿನ ಸಂಸಾರ

ಸ್ನೇಕ್ ಪಟ್ಟಣದಿಂದ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷದ ದಾರಿಯ ಹಳ್ಳಿಯೊಂದರಲ್ಲಿ ವೀಬೆ ಇಪ್ಪತ್ತಮೂರು ವರ್ಷ ಕಾಲುವೆಯ ಸೇತುವೆ ಕಾದಿದ್ದ. ದೋಣಿ ಬಂದರೆ ಸೇತುವೆ ಎತ್ತುವುದು, ಗಾಳದ ಕೋಲಿನ ತುದಿಗೆ ಕಟ್ಟಿದ ಮರದ ಬೂಟನ್ನು ದೋಣಿಯವರ ಮುಂದೆ ಇಳಿಬಿಡುವುದು, ಅವರು ಅದರೊಳಗೆ ಸುಂಕದ ಚಿಲ್ಲರೆ ಹಾಕಿದ ಮೇಲೆ ಸೇತುವೆ ಇಳಿಸುವುದು. ಕಳೆದ ವರ್ಷ ಆ ಸೇತುವೆಯನ್ನು ಎಲ್ಲೋ ದೂರದ ಕೋಣೆಯಲ್ಲಿ ಕೂತು ಗುಂಡಿ ಒತ್ತಿ ಎತ್ತುವ ಹಾಗಾಯಿತು. ವೀಬೆ ಕೋಲು, ಬೂಟು ಸಮೇತ ಮನೆಗೆ ಬಂದ. ಅದೇ ಹೊತ್ತಿಗೆ ಅವನ ಹೆಂಡತಿ ನಿಂಕೆಗೆ ನ್ಯೂಜಿಲೆಂಡಿನ ಡೈರಿಯೊಂದರಿಂದ ಕರೆ ಬಂತು. ಚೀಸ್ ಮಾಡುವುದರಲ್ಲಿ ಅವಳ ಕೈ ಹಾಗೆ ಪಳಗಿತ್ತು. ಇಬ್ಬರಿಗೂ ಐವತ್ತು ದಾಟಿತ್ತು, ಮಕ್ಕಳಿರಲಿಲ್ಲ. ಹೋಗೋಣವೇ ಎಂದಳು ಅವಳು. ಹೋಗೋಣ ಎಂದ ಇವನು. ದೇಶ ಬಿಡುವುದು ಒಂದು ಲೋಟ ಕಾಫಿ ಮುಗಿಯುವುದರೊಳಗೆ ತೀರ್ಮಾನವಾಯಿತು.

ಏನೇನು ಒಯ್ಯುವುದು ಎನ್ನುವುದು ಮಾತ್ರ ಎರಡು ತಿಂಗಳಾದರೂ ಬಗೆಹರಿಯಲಿಲ್ಲ.

ಹಡಗಿನ ಕಂಟೇನರಿನಲ್ಲಿ ಅವರ ಪಾಲಿಗೆ ಬಂದದ್ದು ಆರು ಘನ ಮೀಟರ್ ಜಾಗ. ಸಾಗಣೆ ಕಂಪನಿಯವನು ಬಂದು ಮನೆಯನ್ನೆಲ್ಲ ಅಳೆದು, "ಇಲ್ಲಿ ಇಪ್ಪತ್ತೆಂಟು ಇದೆ. ಯೋಚ್ನೆ ಮಾಡಿ" ಎಂದು ಹೇಳಿ ಕಾಫಿಯನ್ನೂ ಕುಡಿಯದೆ ಹೋದ. ಅಂದಿನಿಂದ ಮನೆ ನ್ಯಾಯಾಲಯವಾಯಿತು. ಒಬ್ಬರ ಸಾಮಾನಿಗೆ ಇನ್ನೊಬ್ಬರು ನ್ಯಾಯಾಧೀಶರು.

"ಹನ್ನೊಂದು ಉಣ್ಣೆ ಕಂಬಳಿ" ಎಂದು ವೀಬೆ ಎಣಿಸಿ ಹೇಳಿದ. "ನಾವು ಹೋಗ್ತಿರೋ ಊರಲ್ಲಿ ಮನುಷ್ಯರಿಗಿಂತ ಕುರಿ ಜಾಸ್ತಿ ಕಣೇ. ಕುರಿಗಳೇ ನೋಡಿ ನಗ್ತಾವೆ."

"ನಗ್ಲಿ ಬಿಡು. ನಿನ್ನ ಆ ಬೂಟು ನೋಡಿ ಏನ್ ಮಾಡ್ತಾವೆ? ಅಲ್ಲಿ ಯಾವ ದೋಣಿಯೋರ ಮೂಗಿನ ಮುಂದೆ ತೂಗಾಡಿಸ್ತೀಯ ಅದನ್ನ?"

"ಅದು ನನ್ನ ಕಸುಬಿನ ಸಾಮಾನು."

"ಕಸುಬೇ ಹೋಯ್ತಲ್ಲೋ. ಇಲಿ ಹೋಗೋಕೇ ದಾರಿಯಿಲ್ಲ, ಕೊರಳಿಗೊಂದು ಡೋಲು."

ಕೊನೆಗೆ ನಿಂಕೆಯೇ ಒಂದು ಕಾನೂನು ಮಾಡಿದಳು. ಇಬ್ಬರೂ ಒಪ್ಪಿದ್ದು ಮಾತ್ರ ಹಡಗಿಗೆ. ಒಬ್ಬರು ಬೇಡವೆಂದರೂ ಸಾಕು, ರಾಜನ ಹುಟ್ಟುಹಬ್ಬದ ದಿನ ಬೀದಿ ಮಾರಾಟಕ್ಕೆ. ಏಪ್ರಿಲ್ ಕೊನೆಯ ಆ ದಿನ ಊರಿಗೆ ಊರೇ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು, ಅಟ್ಟದ ಮೇಲಿದ್ದದ್ದನ್ನೆಲ್ಲ ಬಾಗಿಲ ಮುಂದೆ ಹರವಿಕೊಂಡು ಕೂರುತ್ತದೆ. ವೀಬೆ ಕೈಕುಲುಕಿ ಒಪ್ಪಿಕೊಂಡ. ಕೈಕುಲುಕಿದ ಮೇಲೆ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ನೇರ ಪಕ್ಕದ ಮನೆಯ ಗ್ರೀತ್ ಹತ್ತಿರ ಹೋದ.

ಗ್ರೀತ್ ಎಪ್ಪತ್ತೆರಡರ ವಿಧವೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಹೆಚ್ಚು ಮಾತಿಲ್ಲ.

"ಒಂದು ಉಪಕಾರ ಆಗ್ಬೇಕು" ಎಂದು ವೀಬೆ ಒಂದು ನೋಟು ಮಡಚಿ ಅವಳ ಕೈಗಿಟ್ಟ. "ಮಾರಾಟದ ದಿನ ನೀವು ಬಂದು ನನ್ನ ಕೋಲು, ಬೂಟು, ಆಮೇಲೆ ಆ ದೊಡ್ಡ ಹಿತ್ತಾಳೆ ಲಾಂದ್ರ, ಇವನ್ನ ಕೊಂಡ್ಕೊಂಡು ಹೋಗಿ. ಆಮೇಲೆ ನಾನು ಹೇಗೋ ಪೆಟ್ಟಿಗೆ ಒಳಗೆ ತೂರಿಸ್ತೀನಿ. ನಿಂಕೆಗೆ ಮಾತ್ರ ಹೇಳ್ಬೇಡಿ."

ಗ್ರೀತ್ ನೋಟನ್ನು ಬಿಡಿಸಿ ನೋಡಿ ಜೇಬಿಗಿಟ್ಟಳು. "ಹೇಳಲ್ಲ" ಎಂದಳು.

ಮಾರಾಟದ ದಿನ ಬಿಸಿಲಿತ್ತು. ವೀಬೆ ಹೆಂಡತಿಯ ಸಾಮಾನಿನ ಮುಂದೆ ಕೂತ, ನಿಂಕೆ ಗಂಡನ ಸಾಮಾನಿನ ಮುಂದೆ. ತಂತಮ್ಮ ಸಾಮಾನು ತಾವೇ ಮಾರಲು ಕೂತರೆ ಮನಸ್ಸು ಕರಗುತ್ತದೆ ಎಂದು ನಿಂಕೆಯೇ ಹಾಗೆ ಹಂಚಿದ್ದಳು. ಹತ್ತು ಗಂಟೆಗೆ ಗ್ರೀತ್ ಕೈಗಾಡಿ ತಳ್ಳಿಕೊಂಡು ಬಂದಳು. ನಿಂಕೆಯಿಂದ ಕೋಲು, ಬೂಟು, ಲಾಂದ್ರ ಕೊಂಡಳು. ವೀಬೆ ಆಕಾಶ ನೋಡುತ್ತ ಸಿಳ್ಳೆ ಹಾಕಿದ. ನಿಂಕೆ ಅವನತ್ತ ತಿರುಗಿ ಗೆದ್ದವಳ ನಗೆ ನಕ್ಕಳು.

ಅರ್ಧ ಗಂಟೆ ಬಿಟ್ಟು ಗ್ರೀತ್ ಮತ್ತೆ ಬಂದಳು, ಈ ಸಲ ವೀಬೆಯ ಮುಂದೆ ನಿಂತಳು.

"ಆ ಕಂಬಳಿ ಎಲ್ಲಾ ಕೊಡು."

"ಹನ್ನೊಂದೂನಾ?"

"ಹನ್ನೊಂದೂ. ಆ ಹೊಲಿಗೆ ಯಂತ್ರಾನೂ."

"ಅದು ಓಡಲ್ಲ ಗ್ರೀತ್. ಎಷ್ಟೋ ವರ್ಷದಿಂದ ಓಡ್ತಿಲ್ಲ."

"ಓಡೋದು ಬೇಡ. ಕೊಡು."

ಪಾಪ, ವಯಸ್ಸಾಯಿತು, ಚಳಿ ತಡೆಯುವುದಿಲ್ಲವೇನೋ ಎಂದುಕೊಂಡ ವೀಬೆ ಹೇಳಿದ ಬೆಲೆಯಲ್ಲಿ ಅರ್ಧಕ್ಕೇ ಕೊಟ್ಟ. ಕೈಗಾಡಿಯ ತನಕ ತಾನೇ ಹೊತ್ತು ತಂದ. ಹೊಲಿಗೆ ಯಂತ್ರ ಎತ್ತುವಾಗ ಸೊಂಟ ಹಿಡಿದುಕೊಂಡಿತು, ಆದರೂ ಖುಷಿಯಲ್ಲಿ ನೋವು ಗೊತ್ತಾಗಲಿಲ್ಲ. ಸಂಜೆಯೊಳಗೆ ಗ್ರೀತ್ ಏಳು ಸಲ ಬಂದು ಹೋದಳು. ಬೇರೆ ಗಿರಾಕಿಗಳು ಒಂದು ಹೂಕುಂಡ, ಎರಡು ಛತ್ರಿ ಕೊಂಡಿದ್ದರು.

"ಆಕೆಗೆ ಏನೋ ಆಗಿದೆ ಕಣೋ" ಎಂದಳು ನಿಂಕೆ ಊಟದ ಹೊತ್ತಿಗೆ, ಬಹಳ ಕನಿಕರದಿಂದ. "ಒಬ್ಬಳೇ ಇರ್ತಾಳಲ್ಲ."

"ಹೌದು" ಎಂದ ವೀಬೆ ತಟ್ಟೆಯನ್ನೇ ನೋಡುತ್ತ.

ಮರುದಿನ ಬೆಳಿಗ್ಗೆ ಗ್ರೀತ್ ಇಬ್ಬರನ್ನೂ ತನ್ನ ಗ್ಯಾರೇಜಿಗೆ ಕರೆದಳು. ಅವಳ ಕಾರು ಬೀದಿಯಲ್ಲಿ ನಿಂತಿತ್ತು. ಬಾಗಿಲು ಎತ್ತಿದಳು. ಒಳಗೆ ಅವರ ಮನೆಯೇ ಇತ್ತು. ಎಡಗಡೆ ಅವನದು, ಬಲಗಡೆ ಅವಳದು, ನಡುವೆ ಸೀಮೆಸುಣ್ಣದ ಗೆರೆ.

"ಇಬ್ಬರಿಗೂ ಮಾತು ಕೊಟ್ಟಿದ್ದೆ, ಇನ್ನೊಬ್ಬರಿಗೆ ಹೇಳಲ್ಲ ಅಂತ. ನಾನೇನೂ ಹೇಳಿಲ್ಲ, ಬಾಗಿಲು ತೆಗ್ದೆ ಅಷ್ಟೆ" ಎಂದಳು ಗ್ರೀತ್. "ನನ್ನ ಕಾರು ಒಳಗೆ ಬರ್ಬೇಕು."

ವೀಬೆಗೆ ಮೊದಲು ಸೊಂಟ ನೆನಪಾಯಿತು, ಹೆಂಡತಿಯತ್ತ ತಿರುಗಿದ. "ಆ ಯಂತ್ರ ನನ್ನ ಕೈಲೇ ಹೊರಿಸಿದ್ಯಲ್ಲೇ."

"ನಿನ್ನ ದರಿದ್ರ ಬೂಟಿಗೆ ನಾನು ಧೂಳು ಒರೆಸಿ ಕೊಟ್ಟೆ" ಎಂದಳು ನಿಂಕೆ. "ಕಾನೂನು ಅಂತ ಕೈಕುಲುಕಿದ್ಯಲ್ಲ, ನಾಚಿಕೆ ಆಗಲ್ವಾ?"

"ಕಾನೂನು ಮಾಡಿದೋಳು ನೀನು."

ಹೀಗೆ ಸ್ವಲ್ಪ ಹೊತ್ತು ನಡೆಯಿತು. ಗ್ರೀತ್ ಉಲ್ಟಾ ಮಾಡಿದ ಬಕೆಟಿನ ಮೇಲೆ ಕೂತು ಕಾದಳು. ಬೈಗುಳ ತೀರಿದ ಮೇಲೆ ವೀಬೆ ಬೂಟನ್ನು ಕೈಗೆತ್ತಿಕೊಂಡು ಮೆಲ್ಲನೆ ಹೇಳಿದ, "ಅಲ್ಲಿ ನಿನಗೆ ಕೆಲಸ ಇದೆ. ನನ್ನನ್ನ ಯಾರಾದ್ರೂ ನೀನೇನು ಮಾಡ್ತಿದ್ದೆ ಅಂತ ಕೇಳಿದ್ರೆ ಏನು ತೋರಿಸ್ಲಿ?"

ನಿಂಕೆ ಕಂಬಳಿಗಳ ಮೇಲೆ ಕೂತುಬಿಟ್ಟಳು. "ನನಗೆ ಕೆಲಸ ಇದೆ, ಸರಿ. ಅಲ್ಲಿ ಆಗದೆ ಹೋದ್ರೆ? ಪ್ರತಿ ದಿನ ಹೊದಿಕೆ ಅಡಿಯಲ್ಲಿ ಮಲಗಿ ಅದೇ ಯೋಚ್ನೆ ಮಾಡ್ತೀನಿ. ಹೊದಿಕೆಯಾದ್ರೂ ಪರಿಚಯದ್ದಿರ್ಲಿ ಅಂತ."

ಇದನ್ನು ಅವಳು ಎರಡು ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ವೀಬೆಯೂ ಕೇಳಿರಲಿಲ್ಲ. ಅವನು ಹೋಗಿ ಅವಳ ಪಕ್ಕ ಕೂತ. ಕಂಬಳಿಗಳು ನಿಜಕ್ಕೂ ಮೆತ್ತಗಿದ್ದವು.

ಗ್ರೀತ್ ಜೇಬಿನಿಂದ ಒಂದು ಚೀಟಿ ತೆಗೆದಳು. "ನಾನು ಲೆಕ್ಕ ಹಾಕ್ದೆ. ಇಲ್ಲಿರೋದೆಲ್ಲ ಸೇರಿ ಎರಡೂವರೆ ಘನ ಮೀಟರ್. ನಿಮ್ಮ ಸೋಫಾ ಒಂದೇ ಎರಡು ಮುಕ್ಕಾಲು. ಸೋಫಾ ಯಾಕೆ ಹೊತ್ಕೊಂಡು ಹೋಗ್ತಿದ್ದೀರಿ?"

ಸೋಫಾದ ಬಗ್ಗೆ ಎರಡು ತಿಂಗಳಲ್ಲಿ ಜಗಳವೇ ಆಗಿರಲಿಲ್ಲ.

"ಇವನಿಗೆ ಅದಂದ್ರೆ ಪ್ರಾಣ" ಎಂದಳು ನಿಂಕೆ.

"ನನಗಾ? ಅದರಲ್ಲಿ ಕೂತ್ರೆ ಬೆನ್ನು ಹಿಡ್ಕೊಳ್ಳುತ್ತೆ. ಆರಿಸಿದ್ದು ನೀನು ಅಂತ ಸುಮ್ನಿದ್ದೆ."

"ನಾನು ಆರಿಸಿದ್ದು ನೀನು ಅಂಗಡೀಲಿ ಅದನ್ನ ಬಿಟ್ಟು ಏಳಲೇ ಇಲ್ಲ ಅಂತ."

"ಕಾಲು ನೋಯ್ತಿತ್ತು ಕಣೇ ಅವತ್ತು."

ಗ್ರೀತ್ ಚೀಟಿಯನ್ನು ಮಡಚಿ ಜೇಬಿಗಿಟ್ಟು, ನಗುವನ್ನು ಕೆಮ್ಮಿನಲ್ಲಿ ಅಡಗಿಸಿದಳು. "ಹದಿನಾರು ವರ್ಷದ ಸೋಫಾ" ಎಂದಷ್ಟೇ ಹೇಳಿ ಕಾರಿನ ಕೀಲಿ ಹುಡುಕಲು ಒಳಗೆ ಹೋದಳು.

ಮಾರನೆಯ ವಾರ ಹಳೆ ಸಾಮಾನಿನ ಅಂಗಡಿಯವರು ಸೋಫಾ ಹೊತ್ತುಕೊಂಡು ಹೋದರು. ಖಾಲಿಯಾದ ಕೋಣೆಯಲ್ಲಿ ಗಂಡ ಹೆಂಡತಿ ನೆಲದ ಮೇಲೆ ಕಾಲು ಚಾಚಿ ಕೂತು, ಕಾಗದದ ಪೊಟ್ಟಣದಲ್ಲಿ ಕರಿದ ಮೀನು ತಿಂದರು.

"ಇನ್ನೇನೇನು ಹೀಗೆ ನನಗೋಸ್ಕರ ಸಹಿಸ್ಕೊಂಡಿದ್ದೀಯ?" ಎಂದು ವೀಬೆ ಕೇಳಿದ.

ನಿಂಕೆ ಯೋಚಿಸಿದಳು. "ಬುಧವಾರದ ಕಹಿ ಸೊಪ್ಪು ಆಲೂಗಡ್ಡೆ ಮುದ್ದೆ."

"ಅದು ನಿನಗೆ ಇಷ್ಟ ಅಲ್ವಾ?"

"ನಿಮ್ಮಮ್ಮ ಹೇಳಿಕೊಟ್ಟಿದ್ದು. ನಿನಗೆ ಇಷ್ಟ ಅಂತ."

ವೀಬೆ ಮೀನಿನ ಮುಳ್ಳನ್ನು ಕಾಗದದ ಅಂಚಿಗಿಟ್ಟು, ಮದುವೆಯಾದ ಇಪ್ಪತ್ತೇಳು ವರ್ಷಗಳ ಬುಧವಾರಗಳು ಎಷ್ಟಾಗುತ್ತವೆ ಎಂದು ಮನಸ್ಸಿನಲ್ಲೇ ಗುಣಿಸತೊಡಗಿದ. ಅರ್ಧಕ್ಕೆ ಬಿಟ್ಟ. ಗ್ರೀತ್ ಆಗಿದ್ದರೆ ಥಟ್ಟನೆ ಹೇಳುತ್ತಿದ್ದಳು.