ಯಾರೂ ಇಲ್ಲ, ಹೇಳು

೧
ಎಲ್ಲಿಂದ ಶುರು ಮಾಡಲಿ? ಧನಿಯ ಹುರಿಯುವ ಘಮದಿಂದ ಶುರು ಮಾಡಿದ್ದೆ. ಅಳಿಸಿದೆ. ಫೋನಿನಲ್ಲಿ ಘಮ ಬರುವುದಿಲ್ಲ, ಮತ್ತು ಇದನ್ನು ನಾನು ನೋಡಿದ್ದು ಫೋನಿನಲ್ಲಿ. (ಹೀಗೆ ಶುರು ಮಾಡುವ ಲೇಖಕನನ್ನು ನಾನಾದರೆ ನಂಬುತ್ತಿರಲಿಲ್ಲ.)

೨
ಚಾಮರಾಜಪೇಟೆಯಲ್ಲಿ ಶಕುಂತಲಮ್ಮನದೂ ಪಿಳ್ಳಮ್ಮನದೂ ಅಕ್ಕಪಕ್ಕದ ಮನೆ. ನಲವತ್ತು ವರ್ಷದ ಸ್ನೇಹ. 'ಏನೇ, ಹೋಗೇ' ಎಂದೇ ಮಾತು. ಪಿಳ್ಳಮ್ಮನ ಮಗಳು ತೇಜಶ್ರೀಗೆ ಬ್ಯಾಂಕಿನಲ್ಲಿ ಕೆಲಸ, ಮುಂದಿನ ತಿಂಗಳು ಮದುವೆ. ಶಕುಂತಲಮ್ಮನ ಸೊಸೆ ದೀಪ್ತಿ ವಾರಕ್ಕೊಮ್ಮೆ ಅಡುಗೆಮನೆಯಿಂದ ಲೈವ್ ಬರುತ್ತಾಳೆ. ಅತ್ತೆ ಹುಳಿಪುಡಿಗೆ ಹುರಿಯುತ್ತಾರೆ, ಸೊಸೆ ಮಾತಾಡುತ್ತಾಳೆ. ಆ ಮನೆಯಲ್ಲಿ ಅತ್ತೆ ಸೊಸೆ ಜಗಳ ಕಡಿಮೆಯಾದದ್ದೇ ಲೈವ್ ಶುರುವಾದ ಮೇಲೆ. (ಜನ ನೋಡುವಾಗ ನಕ್ಕ ನಗು ಆಮೇಲೂ ಸ್ವಲ್ಪ ಹೊತ್ತು ಉಳಿಯುತ್ತಿತ್ತು.)

೩
ಆ ಗುರುವಾರ ಕೊರಿಯರ್‌ನವನು ಬೆಲ್ ಮಾಡಿದ. "ಒಂದ್ನಿಮಿಷ ಫ್ರೆಂಡ್ಸ್," ಎಂದು ದೀಪ್ತಿ ಹೊರಗೆ ಹೋದಳು. ಫೋನು ಸ್ಟ್ಯಾಂಡಿನಲ್ಲೇ ಉಳಿಯಿತು. ಹಿತ್ತಲಿನಿಂದ ಪಿಳ್ಳಮ್ಮ ಬಂದರು.

"ಯಾಕೇ, ಮುಖ ಹಿಂಗಿದೆ?" ಎಂದರು ಶಕುಂತಲಮ್ಮ.

"ದೀಪ್ತಿ ಇದಾಳಾ?"

"ಯಾರೂ ಇಲ್ಲ, ಹೇಳು."

ಇನ್ನೂರ ಹದಿನಾಲ್ಕು ಜನ ನೋಡುತ್ತಿದ್ದರು.

"ನಮ್ ತೇಜೂಗೆ ಮುಂಚೆನೇ ಒಂದು ರಿಜಿಸ್ಟರ್ ಮದ್ವೆ ಆಗಿತ್ತು ಕಣೆ. ನಾಲ್ಕೇ ತಿಂಗ್ಳು, ಬಿಟ್ ಬಂದ್ಲು, ಡೈವೋರ್ಸೂ ಆಯ್ತು. ನಿಂಗೂ ಹೇಳಿರ್ಲಿಲ್ಲ. ಈಗ ಗಂಡಿನ ಕಡೆಯವ್ರಿಗೆ ಮುಚ್ಚಿಟ್ಟು ಹೆಂಗೆ ಧಾರೆ ಎರೀಲಿ?"

ಶಕುಂತಲಮ್ಮ ಬಾಣಲೆ ಇಳಿಸಿ ಗೆಳತಿಯ ಕೈ ಹಿಡಿದುಕೊಂಡರು. ಪರದೆಯ ಮೇಲೆ ಕೆಂಪು ಹೃದಯಗಳು ತೇಲಿದವು.

೪
ಇಲ್ಲಿಗೆ ಬಂದಾಗಲೆಲ್ಲ ಪುಟದೊಳಗಿನ ಶಕುಂತಲಮ್ಮ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

"ಇದನ್ನ ಬರೀತಿದೀಯಲ್ಲ, ನೀನೂ ಲೈವೇ ತಾನೇ ಬಿಡ್ತಿರೋದು?"

"ಇದು ಕಥೆ, ಅಮ್ಮ."

"ಆ ಇನ್ನೂರು ಜನದಲ್ಲಿ ನೀನೂ ಇದ್ಯಲ್ಲ. ಇದೇ ಬೀದಿಯವನು. ಓಡಿ ಬಂದು ಕೂಗ್ಬಹುದಿತ್ತು. ಏನ್ ಮಾಡ್ದೆ?"

ವಾಲ್ಯೂಮ್ ಜಾಸ್ತಿ ಮಾಡಿದೆ. (ಹಿಂದಿನ ಡ್ರಾಫ್ಟಿನಲ್ಲಿ, ನಾನು ಫೋನ್ ಮಾಡಿದೆ, ದೀಪ್ತಿ ಎತ್ತಲಿಲ್ಲ ಎಂದು ಬರೆದಿದ್ದೆ. ಸುಳ್ಳು.)

೫
ಒಳಗೆ ಬಂದ ದೀಪ್ತಿ ಬೆಚ್ಚಿ ಲೈವ್ ನಿಲ್ಲಿಸಿದಳು, ವಿಡಿಯೊ ಅಳಿಸಿದಳು. ಅಷ್ಟರಲ್ಲಿ ಯಾರೋ ರೆಕಾರ್ಡ್ ಮಾಡಿಕೊಂಡಿದ್ದರು. ಸಂಜೆಗೆ ಅದು ಗಂಡಿನ ಮನೆಯವರ ಗ್ರೂಪ್ ತಲುಪಿತು. ಮಾರನೆಯ ದಿನ ಮದುವೆ ಮುರಿಯಿತು.

ದೀಪ್ತಿಗೆ ತಡೆಯಲಾಗಲಿಲ್ಲ. ಕ್ಷಮೆ ಕೇಳಲು ಮತ್ತೆ ಲೈವ್ ಬಂದಳು. ನಿಜವಾಗಿಯೇ ಅತ್ತಳು. ನಾಲ್ಕು ಸಾವಿರ ಜನ ನೋಡಿದರು; ಗೊತ್ತಿಲ್ಲದವರಿಗೂ ಗೊತ್ತಾಯಿತು.

ತೇಜಶ್ರೀ ತಾಯಿಗೆ ಹೇಳಿದ್ದು ಇಷ್ಟೇ: "ಭಾನುವಾರ ನಾನೇ ಅವನಿಗೆ ಹೇಳೋಳಿದ್ದೆ, ಅಮ್ಮ." ಬಟ್ಟೆ ತುಂಬಿಕೊಂಡು ಮತ್ತಿಕೆರೆಯ ಪಿಜಿಗೆ ಹೋದಳು.

೬
ಅಂತ್ಯ ಒಂದು: ಹುಡುಗ ವಾಪಸ್ ಬರುತ್ತಾನೆ. (ಸಿನಿಮಾ. ಹೊಡೆದುಹಾಕಿದೆ.)

ಅಂತ್ಯ ಎರಡು: ಗೆಳತಿಯರು ಅಪ್ಪಿಕೊಂಡು ಅಳುತ್ತಾರೆ. ಎರಡು ಪುಟ ಬರೆದೆ, ಚೆನ್ನಾಗಿಯೇ ಬಂದಿತ್ತು.

ನಡೆದದ್ದು ಬೇರೆ. ಶಕುಂತಲಮ್ಮ ಹೋಗಿ ಬಾಗಿಲು ತಟ್ಟಿದರು. ಪಿಳ್ಳಮ್ಮ ತೆರೆದು, ಮೊದಲು ಅವರ ಕೈ ನೋಡಿದರು, ಫೋನಿದೆಯೇ ಎಂದು. ಆಮೇಲೆ, "ಬನ್ನಿ, ಕೂತ್ಕೊಳ್ಳಿ," ಎಂದರು.

ನಲವತ್ತು ವರ್ಷದಲ್ಲಿ ಮೊದಲ ಬಹುವಚನ. ಶಕುಂತಲಮ್ಮ ಕೂರಲಿಲ್ಲ.

೭
ಬರೆಯಬಹುದೇ ಎಂದು ಕೇಳಲು ತೇಜಶ್ರೀಗೆ ಫೋನ್ ಮಾಡಿದೆ.

"ಬರೆದಾಗಿದೆ ತಾನೇ, ಅಂಕಲ್?"

ಮುಂದಿದ್ದ ಹಾಳೆಗಳನ್ನು ಮಗುಚಿ ಇಟ್ಟೆ.

"ಬೇರೆ ಮದ್ವೆ ಆಯ್ತು ಅಂತಾನೂ ಹಾಕ್ಬೇಡಿ, ಆಗ್ಲಿಲ್ಲ ಅಂತಾನೂ ಹಾಕ್ಬೇಡಿ. ಎರಡಕ್ಕೂ ಕಾಮೆಂಟ್ ಬರತ್ತೆ."

ಇನ್ನೇನು ಫೋನ್ ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ.

"ನಮ್ಮಮ್ಮ ಊಟ ಮಾಡ್ತಿದಾರಾ?"

ನನಗೆ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಮ್ಮ," ಎಂದೆ.

"ನೋಡೋದು ಬೇಡ ಅಂಕಲ್. ಹೋಗಿ ಕೇಳಿ."

ಹೋದೆ. ಫೋನು ಮನೆಯಲ್ಲೇ ಬಿಟ್ಟು ಹೋದೆ. ಪಿಳ್ಳಮ್ಮ ಬಾಗಿಲು ತೆರೆದರು. ಏನು ಹೇಳಿದರೆಂದು ನಿಮಗೆ ಹೇಳುವುದಿಲ್ಲ.